ಹೊಸ ಅರಮನೆಗಿಂತ ಮೊದಲು ಕಿತ್ತೂರಿನ ಮೂಲ ವಾಡೆ

ಮಾನ್ಯ ಸಂಪಾದಕರಿಗೆ,
ನಮಸ್ಕಾರಗಳು.

ಕಿತ್ತೂರಿನ ಕೋಟೆಯೊಳಗೆ ಪಾಳುಬಿದ್ದಿರುವ, ಸಂಸ್ಥಾನದ ಒಡೆಯರಾಗಿದ್ದ ದೇಸಾಯರ ವಾಡೆಯನ್ನು (ಅರಮನೆಯನ್ನು) ಹೋಲುವ ಹೊಸ ಅರಮನೆಯೊಂದನ್ನು ಕಟ್ಟಬೇಕೆಂಬ ಮಾತು ಕೆಲವು ವರ್ಷಗಳಿಂದ ನಮ್ಮ ಜಿಲ್ಲೆಯಲ್ಲಿ ಆಗಾಗ ಕೇಳಿಬರುತ್ತಿದೆ. ಅದು ಎಲ್ಲಿ ಬರಬೇಕು, ಎಷ್ಟು ದೊಡ್ಡದಾಗಿರಬೇಕು ಎಂಬ ಚರ್ಚೆಯೇ ಹೆಚ್ಚಾಗಿ ನಡೆಯುತ್ತದೆ. ಆ ಮಾತಿನ ಹಿಂದಿರುವ ಅಭಿಮಾನ ನನಗೂ ಇದೆ. ಚನ್ನಮ್ಮನವರ ಸಮಾಧಿ ಇರುವ ಬೈಲಹೊಂಗಲದಲ್ಲಿ ಹುಟ್ಟಿ, ಇಲ್ಲಿಯೇ ಶಾಲೆಯ ಮಕ್ಕಳಿಗೆ ಇತಿಹಾಸ ಕಲಿಸುತ್ತಿರುವ ನನಗೆ ಆ ಅಭಿಮಾನ ಇಲ್ಲದಿರಲು ಸಾಧ್ಯವೇ ಇಲ್ಲ. ಆದರೆ ನಿಜವಾದ ವಾಡೆಯ ಗೋಡೆಗಳು ಇನ್ನೂ ನಿಂತಿರುವಾಗ, ಅವು ಏನು ಹೇಳುತ್ತವೆ ಎಂಬುದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವ ಮೊದಲೇ ಅವುಗಳ ನಕಲನ್ನು ಕಟ್ಟಲು ಹೊರಡುವುದು ಸರಿಯಲ್ಲ ಎಂದು ನನಗೆ ಅನಿಸುತ್ತದೆ. ಏಕೆಂಬುದನ್ನು ತಮ್ಮ ಪತ್ರಿಕೆಯ ಓದುಗರ ಮುಂದೆ ಸ್ವಲ್ಪ ವಿವರವಾಗಿ ಇಡಲು ಅವಕಾಶ ಕೋರುತ್ತೇನೆ.

ಕಿತ್ತೂರು ಎಂದೊಡನೆ ನಮ್ಮೆಲ್ಲರ ನೆನಪಿಗೆ ಬರುವುದು ರಾಣಿ ಚನ್ನಮ್ಮನವರ ಸೈನ್ಯ ಬ್ರಿಟಿಷರನ್ನು ಸೋಲಿಸಿದ 1824ರ ಅಕ್ಟೋಬರ್ 23 ಒಂದೇ. ಆ ದಿನದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ದಿನ ಬರುವ ಹೊತ್ತಿಗೆ ದೇಸಾಯರ ಮನೆತನ ಎರಡು ಶತಮಾನಗಳಿಗಿಂತ ಹೆಚ್ಚು ಕಾಲ ಯುದ್ಧಗಳ ನಡುವೆಯೇ ಬದುಕಿ ಬಂದಿತ್ತು ಎಂಬುದನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ. 16ನೇ ಶತಮಾನದ ಕೊನೆಯ ಭಾಗದಲ್ಲಿ ಸಾಗರದ ಕಡೆಯಿಂದ ಬಂದ ಹಿರೇಮಲ್ಲಶೆಟ್ಟಿ ಮತ್ತು ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರು ವಿಜಯಪುರದ ಆದಿಲಶಾಹಿಗಳ ಸೈನ್ಯದಲ್ಲಿ ಹೆಸರು ಮಾಡಿ ದೇಶಗತಿ (ಸೀಮೆಯ ಒಡೆತನ) ಪಡೆದರು. ಮೊದಲು ಸಂಪಗಾವಿಯಲ್ಲಿ ನೆಲೆಸಿದ್ದ ಈ ಮನೆತನವನ್ನು ಮುಂದೆ ಅಲ್ಲಪ್ಪಗೌಡ ದೇಸಾಯರು ಕಿತ್ತೂರಿಗೆ ತಂದರು; ಕೋಟೆಯೂ ವಾಡೆಯೂ ಬೆಳೆದದ್ದು ಅಲ್ಲಿಂದ. ವಿಜಯಪುರ 1686ರಲ್ಲಿ ಔರಂಗಜೇಬನ ವಶವಾದ ಮೇಲೆ ಈ ಭಾಗದ ದೇಸಾಯರಿಗೆಲ್ಲ ನೆಲೆಯಾದ ಒಡೆಯನೇ ಇಲ್ಲದಂತಾಯಿತು. ಸವಣೂರಿನ ನವಾಬ, 1756ರ ನಂತರ ಮರಾಠರ ಪೇಶ್ವೆ, ಆಮೇಲೆ ಹೈದರ್ ಅಲಿ, ಟಿಪ್ಪು ಸುಲ್ತಾನ್, ಮತ್ತೆ ಪೇಶ್ವೆ ಎಂದು ಕಪ್ಪ ಕೇಳುವವರು ಬದಲಾಗುತ್ತಲೇ ಹೋದರು. ಕೊಡುವ ಮನೆ ಮಾತ್ರ ಅದೇ ಉಳಿಯಿತು.

ಈ ಕಾಲದ ಸಂಕಟವನ್ನೆಲ್ಲ ಒಬ್ಬ ಮನುಷ್ಯನ ಬದುಕಿನಲ್ಲಿ ಕಾಣಬೇಕೆಂದರೆ ಮಲ್ಲಸರ್ಜ ದೇಸಾಯರನ್ನು ನೋಡಬೇಕು. ಚನ್ನಮ್ಮನವರ ಪತಿ ಎಂಬಷ್ಟಕ್ಕೇ ಅವರನ್ನು ಸೀಮಿತಗೊಳಿಸುವುದು ಅನ್ಯಾಯ. 1785ರಲ್ಲಿ ಟಿಪ್ಪುವಿನ ಸೈನ್ಯ ಕಿತ್ತೂರನ್ನು ಹಿಡಿದಾಗ ಅವರು ಸೆರೆಯಾಗಿ ದೂರದ ಕಬ್ಬಾಳದುರ್ಗದಲ್ಲಿ ಬಂಧಿಯಾಗಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಬಂದು ಸಂಸ್ಥಾನವನ್ನು ಮತ್ತೆ ಕಟ್ಟಿದರು. ಕೊನೆಗಾಲದಲ್ಲಿ ಎರಡನೆಯ ಬಾಜಿರಾಯ ಪೇಶ್ವೆ ಅವರನ್ನು ಪುಣೆಯಲ್ಲಿ ಸೆರೆಯಲ್ಲಿಟ್ಟ. ಅಲ್ಲಿಂದ ಬಿಡುಗಡೆಯಾಗಿ ಊರಿಗೆ ಮರಳುವ ದಾರಿಯಲ್ಲಿಯೇ, 1816ರಲ್ಲಿ, ಗೋಕಾಕದ ಸಮೀಪದ ಅರಭಾವಿಯಲ್ಲಿ ಅವರ ಪ್ರಾಣ ಹೋಯಿತು. ಒಡೆಯ ಸೆರೆಯಲ್ಲಿದ್ದಾಗ ವಾಡೆಯ ಹೆಣ್ಣುಮಕ್ಕಳೂ ಸರದಾರರೂ ಸಂಸ್ಥಾನವನ್ನು ಉಳಿಸಿಕೊಂಡು ಬರುವ ಪಾಠವನ್ನು 1824ಕ್ಕೆ ಬಹಳ ಮೊದಲೇ ಕಲಿತಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಹಿರಿಯ ರಾಣಿ ರುದ್ರಮ್ಮ, ಕಾಕತಿಯಿಂದ ಸೊಸೆಯಾಗಿ ಬಂದ ಚನ್ನಮ್ಮ, ದಿವಾನ ಗುರುಸಿದ್ದಪ್ಪ ಇವರೆಲ್ಲ ಆ ಶಾಲೆಯಲ್ಲಿ ಪಳಗಿದವರು.

ಇನ್ನೊಂದು ಸಂಗತಿಯನ್ನು ನಾವು ಕಿತ್ತೂರು ಉತ್ಸವದ ವೇದಿಕೆಗಳಿಂದ ಹೇಳುವುದೇ ಇಲ್ಲ. 1818ರಲ್ಲಿ ಥಾಮಸ್ ಮನ್ರೋ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಮಲ್ಲಸರ್ಜರ ಮಗ ಶಿವಲಿಂಗರುದ್ರಸರ್ಜ ದೇಸಾಯರು ಪೇಶ್ವೆಯ ವಿರುದ್ಧ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಗೆ ನೆರವಾದರು. ಅದಕ್ಕೆ ಪ್ರತಿಯಾಗಿ ಕಪ್ಪದ ಕರಾರಿನ ಮೇಲೆ ಸಂಸ್ಥಾನ ಅವರ ಕೈಯಲ್ಲಿಯೇ ಉಳಿಯಿತು. ತಂದೆಯನ್ನು ಸೆರೆಯಲ್ಲಿಟ್ಟು ಸಾವಿಗೆ ದೂಡಿದ ಪೇಶ್ವೆಯ ವಿರುದ್ಧ ಮಗ ನಿಂತದ್ದು ಅರ್ಥವಾಗದ ಮಾತೇನಲ್ಲ. ಇದನ್ನು ಹೇಳಿದರೆ ಕಿತ್ತೂರಿನ ಗೌರವಕ್ಕೆ ಕುಂದು ಬರುತ್ತದೆ ಎಂದು ಯಾರಾದರೂ ಅಂಜುವುದಾದರೆ ಆ ಅಂಜಿಕೆ ಬೇಡ. ತಾನು ನೆರವು ಪಡೆದ ಮನೆಯ ಮೇಲೆಯೇ ಆರು ವರ್ಷಗಳಲ್ಲಿ ತೋಪು ತಂದ ಕಂಪನಿಯ ನಡೆ ಎಂಥದ್ದು ಎಂಬುದು ಈ ಸಂಗತಿಯನ್ನು ಹೇಳಿದಾಗಲೇ ಮಕ್ಕಳಿಗೆ ಸ್ಪಷ್ಟವಾಗುತ್ತದೆ.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜರು ಮಕ್ಕಳಿಲ್ಲದೆ ತೀರಿಕೊಂಡರು. ಅದಕ್ಕೆ ಮೊದಲು ಮಸ್ತಮರಡಿಯ ಗೌಡರ ಮಗನನ್ನು ದತ್ತು ತೆಗೆದುಕೊಂಡು ಶಿವಲಿಂಗಪ್ಪ ಎಂದು ಹೆಸರಿಟ್ಟಿದ್ದರು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ದತ್ತಕದ ಪತ್ರವನ್ನು ಶಂಕಿಸಿ, ಅದನ್ನು ಒಪ್ಪದೆ, ಖಜಾನೆಗೆ ಮುದ್ರೆ ಹಾಕಿ ಕಾವಲು ಇಟ್ಟ. ಈ ಭಾಗವನ್ನು ವಿವರಿಸುವಾಗ ಅನೇಕ ಭಾಷಣಕಾರರು ದತ್ತುಮಕ್ಕಳ ಹಕ್ಕನ್ನು ಒಪ್ಪದೆ ಸಂಸ್ಥಾನಗಳನ್ನು ವಶಪಡಿಸಿಕೊಳ್ಳುವ ಡಾಲ್‌ಹೌಸಿಯ ದತ್ತಕ ನಿಷೇಧ ನೀತಿಯಿಂದ ಕಿತ್ತೂರು ಹೋಯಿತು ಎಂದು ಹೇಳಿಬಿಡುತ್ತಾರೆ. ಮಕ್ಕಳೂ ಅದನ್ನೇ ಪರೀಕ್ಷೆಯಲ್ಲಿ ಬರೆಯುತ್ತಾರೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಹೊತ್ತಿಗೆ ಆ ಹುದ್ದೆಯಲ್ಲಿ ಇದ್ದವನು ಆಮ್‌ಹರ್ಸ್ಟ್. ಮುಂಬೈಯ ಗವರ್ನರ್ ಎಲ್‌ಫಿನ್‌ಸ್ಟನ್. ಹೆಸರಿಟ್ಟು ಸಾರಿದ ನೀತಿ ಬರುವುದಕ್ಕೆ ಸುಮಾರು ಕಾಲು ಶತಮಾನ ಮೊದಲೇ ಅಂಥ ನಡೆಗೆ ಎದುರು ನಿಂತ ಮನೆ ಇದು ಎಂಬುದು ಕಿತ್ತೂರಿಗೆ ಇನ್ನೂ ಹೆಚ್ಚಿನ ಕೀರ್ತಿಯ ವಿಷಯ. ತಪ್ಪು ವಿವರದಿಂದ ನಾವು ಆ ಕೀರ್ತಿಯನ್ನೇ ಕಡಿಮೆ ಮಾಡುತ್ತಿದ್ದೇವೆ.

ಈಗ ವಾಡೆಯ ವಿಷಯಕ್ಕೆ ಬರುತ್ತೇನೆ. ಆ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಈ ಕಟ್ಟಡದೊಳಗೆ ನಡೆದದ್ದನ್ನು ಕ್ರಮವಾಗಿ ನೆನಪಿಸಿಕೊಳ್ಳಬೇಕು. ಸೂತಕದ ಮನೆ, ಹೊರಗಿನವರ ಮುದ್ರೆ ಬಿದ್ದ ಖಜಾನೆ, ಅದರ ಬಾಗಿಲಲ್ಲಿ ಕಂಪನಿಯ ಕಾವಲು, ಒಳಗೆ ಅತ್ತೆ ಚನ್ನಮ್ಮ, ಗಂಡನನ್ನು ಕಳೆದುಕೊಂಡ ಚಿಕ್ಕ ವಯಸ್ಸಿನ ಸೊಸೆ ವೀರಮ್ಮ, ದತ್ತುಮಗು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತ್ತು. ಅದನ್ನು ತೆರೆಯಲು ಥ್ಯಾಕರೆ ಕೊಟ್ಟ ಗಡುವು ಮುಗಿಯುವ ಹೊತ್ತಿಗೆ ಅದು ತಟ್ಟನೆ ತೆರೆದುಕೊಂಡು ಒಳಗಿನ ಸೈನ್ಯ ಹೊರಗೆ ನುಗ್ಗಿತು. ಥ್ಯಾಕರೆ ಅಮಟೂರ ಬಾಳಪ್ಪನ ಗುಂಡಿಗೆ ಬಲಿಯಾದ. ಕ್ಯಾಪ್ಟನ್ ಬ್ಲ್ಯಾಕ್ ಮೊದಲಾದ ಅಧಿಕಾರಿಗಳೂ ಸತ್ತರು. ಥ್ಯಾಕರೆಯ ಇಬ್ಬರು ಸಹಾಯಕರಾದ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಸಿಕ್ಕರು.

ಈ ಎಲಿಯಟ್‌ನ ಕಥೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆಗ ಅವನಿಗೆ 21 ವರ್ಷ ವಯಸ್ಸು. ಕೆಲವು ವಾರ ಕಿತ್ತೂರಿನವರ ವಶದಲ್ಲಿದ್ದು, ಡಿಸೆಂಬರಿನ ಮೊದಲಲ್ಲಿ ಜೀವಂತವಾಗಿ ಬಿಡುಗಡೆಯಾದ. ಮುಂದೆ ಇದೇ ಸೀಮೆಯಲ್ಲಿ ಕೆಲಸ ಮಾಡುತ್ತ ಊರೂರಿನ ಶಿಲಾಶಾಸನಗಳ ನಕಲು ಮಾಡಿಸಿ ನೂರಾರು ಶಾಸನಗಳ ಸಂಗ್ರಹವೊಂದನ್ನು ಸಿದ್ಧಪಡಿಸಿದ; ಚಾಲುಕ್ಯರ ಇತಿಹಾಸವನ್ನು ಆಧುನಿಕ ರೀತಿಯಲ್ಲಿ ಬರೆಯಲು ಮೊದಲ ಸಾಮಗ್ರಿ ಒದಗಿಸಿದವರಲ್ಲಿ ಅವನೂ ಒಬ್ಬ. ಆಮೇಲೆ ಅಮರಾವತಿಯ ಬೌದ್ಧ ಶಿಲ್ಪಗಳನ್ನು ಅಗೆಸಿ ಮದರಾಸಿಗೆ ಸಾಗಿಸಿದವನೂ ಅವನೇ. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಗೆದ್ದ ದಿನದ ಆವೇಶದಲ್ಲಿ ಸೆರೆಯಾಳುಗಳನ್ನು ಕೊಂದಿದ್ದರೆ ಯುದ್ಧಕಾಲದಲ್ಲಿ ಅದು ಯಾರಿಗೂ ಆಶ್ಚರ್ಯ ತರುವ ಮಾತಾಗಿರಲಿಲ್ಲ. ಕಿತ್ತೂರಿನವರು ಹಾಗೆ ಮಾಡಲಿಲ್ಲ. ಶತ್ರುವಿನ ಕಡೆಯ ಒಬ್ಬ ತರುಣನನ್ನು ಉಳಿಸಿಕೊಂಡ ಆ ನಿರ್ಧಾರ, ಮುಂದೆ ನಮ್ಮದೇ ನೆಲದ ಇತಿಹಾಸ ಬೆಳಕಿಗೆ ಬರಲು ಎಷ್ಟು ಕಾರಣವಾಯಿತು ಎಂಬುದನ್ನು ಕಿತ್ತೂರಿಗೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿಸಬೇಕು. ಖಡ್ಗದ ಶೌರ್ಯದಷ್ಟೇ ಇದೂ ಆ ಮನೆಯ ಹಿರಿಮೆ.

ಡಿಸೆಂಬರಿನ ಮುತ್ತಿಗೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ದಖ್ಖಣದ ಕಮಿಷನರ್ ಚಾಪ್ಲಿನ್ ಬಂದ, ಕರ್ನಲ್ ಡೀಕನ್‌ನ ನೇತೃತ್ವದಲ್ಲಿ ದೊಡ್ಡ ಸೈನ್ಯ ಸೇರಿತು, ಸೆರೆಯಾಳುಗಳನ್ನು ಬಿಟ್ಟುಕೊಟ್ಟ ಮೇಲೂ ಯುದ್ಧ ನಿಲ್ಲಲಿಲ್ಲ. ಥಾಮಸ್ ಮನ್ರೋನ ಸಂಬಂಧಿಯಾದ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಈ ಕಾಳಗದಲ್ಲಿ ಸತ್ತ. ತೋಪಿನ ಏಟಿಗೆ ಕೋಟೆಯ ಗೋಡೆ ಒಡೆದು ಕಿತ್ತೂರು ಶರಣಾಯಿತು. ಮದ್ದಿನಲ್ಲಿ ಕಲಬೆರಕೆ ಮಾಡಿದ ಮನೆಮುರುಕರ ಕಥೆಯನ್ನು ನಮ್ಮ ಗೀಗೀ ಮೇಳದವರು ಇಂದಿಗೂ ಹಾಡುತ್ತಾರೆ. ಖಜಾನೆ ಕಂಪನಿಯ ಪಾಲಾಯಿತು. ಚನ್ನಮ್ಮನವರನ್ನೂ ಸೊಸೆಯಂದಿರನ್ನೂ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿಟ್ಟರು. 1829ರ ಫೆಬ್ರವರಿಯಲ್ಲಿ ಚನ್ನಮ್ಮನವರು ಇಲ್ಲಿಯೇ ತೀರಿಕೊಂಡರು. ವಾಡೆಯ ಸೇವೆಯಲ್ಲಿದ್ದ ಸಂಗೊಳ್ಳಿ ರಾಯಣ್ಣ ದತ್ತುಮಗನ ಹೆಸರಿನಲ್ಲಿ ಮತ್ತೆ ಜನರನ್ನು ಕೂಡಿಸಿ ಹೋರಾಡಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ.

ಆಮೇಲೆ ವಾಡೆ ಏನಾಯಿತು? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಇಂದು ಅಲ್ಲಿ ಕಾಣುವ ಪಾಳು ಸ್ಥಿತಿಯೆಲ್ಲ ತೋಪಿನ ಗುಂಡಿನಿಂದಲೇ ಆದದ್ದು ಎಂದು ನೋಡುವವರು ತಿಳಿಯುತ್ತಾರೆ. ಅಂಥ ವಾಡೆಗಳನ್ನು ಕಟ್ಟಿದ ಕ್ರಮ ತಿಳಿದವರಿಗೆ ಅದು ಪೂರ್ತಿ ನಿಜವಲ್ಲ ಎಂಬುದು ಅರ್ಥವಾಗುತ್ತದೆ. ಕಲ್ಲಿನ ಎತ್ತರದ ಪಾಯ, ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆ, ಇವುಗಳ ನಡುವೆ ಸಾಗುವಾನಿಯ ಕಂಬ, ತೊಲೆ, ಜಂತೆ: ಕಟ್ಟಡದ ಭಾರವನ್ನು ಹೊರುತ್ತಿದ್ದದ್ದು ಬಹುಪಾಲು ಮರ. ಒಡೆಯರಿಲ್ಲದ ಮನೆಯಿಂದ ಮರ ಹೋದರೆ ಮಾಳಿಗೆ ಇಳಿಯುತ್ತದೆ. ಮಾಳಿಗೆ ಇಳಿದರೆ ಗೋಡೆಯ ನೆತ್ತಿ ಮಳೆಗೆ ಬಯಲಾಗುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನ ಮಳೆ ಉಳಿದ ಕೆಲಸವನ್ನು ಮುಗಿಸುತ್ತದೆ. ಯುದ್ಧ ನಡೆದದ್ದು ಕೆಲವೇ ದಿನ. ಅದರ ನಂತರದ ಅನಾದರ ಒಂದು ಶತಮಾನಕ್ಕೂ ಮಿಗಿಲಾದದ್ದು. ಇದನ್ನು ಹೇಳದೆ ಹೋದರೆ ಈ ಗೋಡೆಗಳ ಮೇಲಿನ ಯಾವ ಗಾಯ ಯಾರು ಮಾಡಿದ್ದು ಎಂಬುದು ತಿಳಿಯದೆ ಉಳಿಯುತ್ತದೆ.

ಇದೇ ಮಾತಿಗೆ ವಿಜಯಪುರದಲ್ಲಿ ಕಣ್ಣೆದುರಿನ ಸಾಕ್ಷಿ ಇದೆ. ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ 1561ರ ಸುಮಾರಿಗೆ ಕಟ್ಟಿದ ಗಗನ ಮಹಲಿನಲ್ಲಿ ಕೆಳಗೆ ದರ್ಬಾರು, ಮೇಲೆ ಅರಸರ ವಾಸ. 1686ರಲ್ಲಿ ಸೋತ ಸಿಕಂದರ್ ಆದಿಲಶಾಹನನ್ನು ಔರಂಗಜೇಬನ ಮುಂದೆ ತಂದು ನಿಲ್ಲಿಸಿದ್ದು ಅಲ್ಲಿಯೇ ಎಂದು ಹೇಳಲಾಗುತ್ತದೆ. ಇಂದು ಅದರ ಸುಮಾರು 60 ಅಡಿ ಅಗಲದ ನಡುಗಮಾನು ಎದೆಯುಬ್ಬಿಸಿ ನಿಂತಿದೆ. ಮರದ ಮಹಡಿ ಮಾತ್ರ ಎಂದೋ ಹೋಗಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಅಸಾರ ಮಹಲು, 1646ರಲ್ಲಿ ನ್ಯಾಯದ ಕಚೇರಿಯಾಗಿ ಕಟ್ಟಿದ್ದು, ಮುಂದೆ ಪ್ರವಾದಿಯವರ ಪವಿತ್ರ ಅವಶೇಷಗಳನ್ನು ಇಡುವ ಸ್ಥಳವಾಯಿತು. ಜನ ಭಕ್ತಿಯಿಂದ ಕಾಪಾಡಿದ ಕಾರಣ ಅದರ ಮುಂದಿನ ಪಡಸಾಲೆಯ ನಾಲ್ಕು ಎತ್ತರದ ಮರದ ಕಂಬಗಳು ಇಂದಿಗೂ ಚಾವಣಿಯನ್ನು ಹೊತ್ತು ನಿಂತಿವೆ. ಒಂದೇ ಊರಿನ, ಒಂದೇ ರಾಜಮನೆತನದ ಎರಡು ಕಟ್ಟಡಗಳಲ್ಲಿ ಒಂದರ ಮರ ಉಳಿದು ಇನ್ನೊಂದರ ಮರ ಹೋದದ್ದಕ್ಕೆ ಯುದ್ಧವೊಂದೇ ಕಾರಣವಲ್ಲ. ಯುದ್ಧದ ನಂತರ ಅದನ್ನು ಯಾರು ತಮ್ಮದೆಂದು ನೋಡಿಕೊಂಡರು ಎಂಬುದು ದೊಡ್ಡ ಕಾರಣ.

ಕಿತ್ತೂರಿನ ವಾಡೆಯಲ್ಲಿ ಉಳಿದಿರುವುದೂ ಕಡಿಮೆಯಲ್ಲ. ಕೋಣೆಗಳ ವಿನ್ಯಾಸ ಪಾಯದ ಮೇಲೆ ಸ್ಪಷ್ಟವಾಗಿ ತಿಳಿಯುತ್ತದೆ. ಸ್ನಾನದ ಕೊಳ, ಬಾವಿ, ನೀರು ಹರಿಸಲು ಮಾಡಿದ ಕೊಳವೆಯ ವ್ಯವಸ್ಥೆ, ಗೋಡೆಯೊಳಗಿನ ಗೂಡುಗಳು, ಧ್ರುವ ನಕ್ಷತ್ರವನ್ನು ನೋಡಲು ಬಿಟ್ಟ ಕಿಂಡಿ ಇವೆಲ್ಲ ಒಂದು ಬಾಳಿದ ಮನೆಯ ಗುರುತುಗಳು. ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಕತ್ತಿ, ಕವಚಗಳ ಜೊತೆಗೆ ಕೆತ್ತನೆಯ ಮರದ ಬಾಗಿಲು, ಕಿಟಕಿಗಳೂ ಇವೆ. ನನ್ನ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೋದಾಗಲೆಲ್ಲ ಅವರು ಕೇಳುವುದು ಯುದ್ಧದ ಬಗ್ಗೆ ಅಷ್ಟಲ್ಲ. ಅಡುಗೆ ಎಲ್ಲಿ ಆಗುತ್ತಿತ್ತು, ರಾಣಿಯವರು ಎಲ್ಲಿ ಕುಳಿತು ಮಾತಾಡುತ್ತಿದ್ದರು, ಖಜಾನೆ ಯಾವ ಕಡೆ ಇತ್ತು, ಸೆರೆಯಾಳುಗಳನ್ನು ಎಲ್ಲಿ ಇಟ್ಟಿದ್ದರು ಎಂದು. ಅವರ ಪ್ರಶ್ನೆಗಳಿಗೆ ಊಹೆಯಿಂದಲ್ಲ, ಆಧಾರದಿಂದ ಉತ್ತರ ಕೊಡುವಂತಾಗಬೇಕು ಎಂಬುದೇ ನನ್ನ ಬೇಡಿಕೆಯ ತಿರುಳು.

ಅಂಥ ಉತ್ತರವನ್ನು ಪ್ರತಿಕೃತಿ ಕೊಡಲಾರದು. 1964ರ ವೆನಿಸ್ ಸನ್ನದು ಎಂದು ಹೆಸರಾದ, ಜಗತ್ತಿನ ಸ್ಮಾರಕ ತಜ್ಞರು ಒಪ್ಪಿಕೊಂಡ ನಿಯಮಾವಳಿಯು, ಊಹೆ ಎಲ್ಲಿ ಆರಂಭವಾಗುತ್ತದೋ ಅಲ್ಲಿ ಪುನರ್ನಿರ್ಮಾಣ ನಿಲ್ಲಬೇಕು ಎಂದು ಹೇಳುತ್ತದೆ. ಮೇಲ್ಮಹಡಿಯ ಕಂಬಗಳ ಕೆತ್ತನೆ ಹೇಗಿತ್ತು, ಮಾಳಿಗೆಯ ಎತ್ತರ ಎಷ್ಟಿತ್ತು, ದರ್ಬಾರಿನ ಚಾವಣಿ ಯಾವ ಬಗೆಯದು ಎಂಬುದನ್ನು ಆಧಾರವಿಲ್ಲದೆ ಕಟ್ಟಿದರೆ, ಮುಂದಿನ ತಲೆಮಾರಿನ ಮಕ್ಕಳು ಆ ಹೊಸ ಕಾಂಕ್ರೀಟಿನ ಕಂಬವನ್ನೇ ಚನ್ನಮ್ಮ ಕಂಡ ಕಂಬ ಎಂದು ನಂಬುತ್ತಾರೆ. ಬಣ್ಣ ಬಳಿದ ಹೊಸ ಮಹಲಿನ ಪಕ್ಕದಲ್ಲಿ ನಿಜವಾದ ಗೋಡೆ ಕಸದಂತೆ ಕಾಣಿಸತೊಡಗಿದರೆ ಅದಕ್ಕಿಂತ ನೋವಿನ ಸಂಗತಿ ಇನ್ನೊಂದಿಲ್ಲ.

ಆದ್ದರಿಂದ ಸರ್ಕಾರವಾಗಲಿ, ಪುರಾತತ್ವ ಇಲಾಖೆಯಾಗಲಿ, ಕಿತ್ತೂರಿನ ಹೆಸರಿನಲ್ಲಿ ಹಣ ತೆಗೆದಿಡುವಾಗ ಮೊದಲ ಪಾಲು ಮೂಲ ವಾಡೆಗೆ ಸಲ್ಲಬೇಕು. ಪ್ರತಿ ಗೋಡೆ, ಪ್ರತಿ ಗೂಡು, ಪ್ರತಿ ಹೊಸ್ತಿಲನ್ನು ಅಳೆದು ಬರೆದ ನಕ್ಷೆ ತಯಾರಾಗಿ ಅದು ಸಾರ್ವಜನಿಕರ ಕೈಗೆ ಸಿಗಬೇಕು. ಗೋಡೆಯ ಬಿರುಕಿನಲ್ಲಿ ಬೇರು ಬಿಡುವ ಅರಳಿ, ಆಲದ ಸಸಿಗಳನ್ನು ಅವು ಎಳೆಯವಾಗಿರುವಾಗಲೇ ತೆಗೆಯುವ ವ್ಯವಸ್ಥೆ ವರ್ಷವಿಡೀ ಇರಬೇಕು. ಉತ್ಸವದ ಹಿಂದಿನ ವಾರ ಹುಲ್ಲು ಕತ್ತರಿಸಿದರೆ ಸಾಲದು. ದುರಸ್ತಿಗೆ ಸುಣ್ಣದ ಗಾರೆಯನ್ನೇ ಬಳಸಬೇಕು. ಹಳೆಯ ಇಟ್ಟಿಗೆ ಮತ್ತು ಸುಣ್ಣದ ಗೋಡೆಯ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಹೋಗಲಾರದೆ, ಉಪ್ಪು ಹೂಬಿಟ್ಟು, ಇಟ್ಟಿಗೆ ಪುಡಿಯಾಗುತ್ತದೆ. ಮೇಲಿನ ಸಿಮೆಂಟ್ ಗಟ್ಟಿಯಾಗಿ ಕಾಣುತ್ತದೆ, ಹಿಂದಿನ ಗೋಡೆ ಸಾಯುತ್ತದೆ. ಅರೆದ ಸುಣ್ಣದ ಕೆಲಸ ಬಲ್ಲ ಗೌಂಡಿಗಳು ನಮ್ಮ ಭಾಗದಲ್ಲಿ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅವರ ಕೈಕೆಲಸವನ್ನು ತರುಣರಿಗೆ ಕಲಿಸುವ ಕಾರ್ಯಾಗಾರ ಈ ಕೋಟೆಯಲ್ಲಿಯೇ ನಡೆದರೆ ಒಂದೇ ವೆಚ್ಚದಲ್ಲಿ ಎರಡು ಆಸ್ತಿ ಉಳಿಯುತ್ತವೆ.

ಇನ್ನು ಕಾಗದದ ಆಧಾರಗಳ ಮಾತು. ಕಿತ್ತೂರಿನ ಕಾಲದ ಆಡಳಿತದ ಬರಹ ಈ ಸೀಮೆಯಲ್ಲಿ ಬಹುಪಾಲು ಮೋಡಿ ಲಿಪಿಯಲ್ಲಿ (ಹಿಂದೆ ಮರಾಠಿಗೆ ಬಳಸುತ್ತಿದ್ದ ಕೂಡುಬರಹದಲ್ಲಿ) ನಡೆಯುತ್ತಿತ್ತು. ದಖ್ಖಣ ಕಮಿಷನರನ ಕಡತಗಳು ಪುಣೆಯಲ್ಲಿವೆ. ಮುಂಬೈಯಲ್ಲಿಯೂ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಕಂಪನಿಯ ದಾಖಲೆಗಳಿವೆ. ಇವುಗಳಲ್ಲಿ ಕಿತ್ತೂರಿಗೆ ಸಂಬಂಧಿಸಿದವನ್ನು ಆರಿಸಿ, ಛಾಯಾಪ್ರತಿ ತರಿಸಿ, ಕನ್ನಡಕ್ಕೆ ತಂದು ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಯಾರು ಬೇಕಾದರೂ ಓದುವಂತೆ ಇಡುವ ಕೆಲಸವನ್ನು ಬೆಳಗಾವಿಯಲ್ಲಿ ಚನ್ನಮ್ಮನವರ ಹೆಸರನ್ನೇ ಹೊತ್ತಿರುವ ವಿಶ್ವವಿದ್ಯಾಲಯ ಕೈಗೆತ್ತಿಕೊಂಡರೆ ಅದಕ್ಕಿಂತ ಯೋಗ್ಯವಾದದ್ದು ಬೇರೆ ಇಲ್ಲ. ಖಜಾನೆಗೆ ಮುದ್ರೆ ಹಾಕಿದಾಗ ಮಾಡಿದ ಪಟ್ಟಿ, ಸೆರೆಯಾಳುಗಳ ಕಾಗದ, ಕೋಟೆ ಬಿದ್ದ ಮೇಲೆ ವಾಡೆಯ ಸಾಮಾನಿನ ವಿಲೇವಾರಿ, ಇಂಥವುಗಳ ಒಂದೊಂದು ಸಾಲಿನಿಂದಲೂ ಈಗ ಹೆಸರಿಲ್ಲದೆ ನಿಂತಿರುವ ಒಂದೊಂದು ಕೋಣೆಗೆ ಹೆಸರು ಸಿಗಬಹುದು. ಮೋಡಿ ಓದಬಲ್ಲ ಹಿರಿಯರು ನಮ್ಮ ಬೈಲಹೊಂಗಲ, ಧಾರವಾಡ, ಬೆಳಗಾವಿಯ ಕಡೆ ಈಗ ಬೆರಳೆಣಿಕೆಯಷ್ಟು. ಅವರಿರುವಾಗಲೇ ಕಾಲೇಜಿನ ಮಕ್ಕಳನ್ನು ಅವರ ಬಳಿ ಕೂಡಿಸುವ ಏರ್ಪಾಡು ಆಗಬೇಕು. ಹೊಸ ಅರಮನೆಯ ನೀಲನಕ್ಷೆ ಇನ್ನೂ ಕೆಲವು ವರ್ಷ ಕಾಯಬಲ್ಲದು, ಈ ಕೆಲಸ ಕಾಯಲಾರದು.

ಇತಿ ತಮ್ಮ ವಿಶ್ವಾಸಿ,
ಇತಿಹಾಸ ಶಿಕ್ಷಕಿ,
ಬೈಲಹೊಂಗಲ, ಬೆಳಗಾವಿ ಜಿಲ್ಲೆ